ಶಾಂಪೂ ಬಿಟ್ಟ ತಲೆಗೆ ಬೆಂಚಿನ ತುದಿಯಲ್ಲಿ ಜಾಗ ಕೋರಿ

ಇಂದ:
ತಲೆ ತೊಳೆಯುವವಳು,
ಹಿಂದಿನ ಬೇಸಿನ್, ಕನ್ನಡಿ ಇಲ್ಲದ ಕಡೆ,
ತಮ್ಮ ಸಲೂನ್.

ಗೆ:
ಮಾನ್ಯ ಮಾಲೀಕರು (ಮೇಡಂ),
ಮುಂದಿನ ಕೌಂಟರ್, ಫ್ಯಾನಿನ ಕೆಳಗೆ,
ಅದೇ ಸಲೂನ್.

ವಿಷಯ: ಅರ್ಜಿದಾರಳ ಮಗಳು ಶಾಂಪೂ ತ್ಯಜಿಸಿದ್ದಾಗ್ಯೂ, ಶಾಲೆ ಬಿಟ್ಟ ಮೇಲೆ ಗಿರಾಕಿಗಳ ಬೆಂಚಿನ ತುದಿಯಲ್ಲಿ ಕೂರಲು ಅನುಮತಿ ನೀಡುವ ಬಗ್ಗೆ.

ಉಲ್ಲೇಖ: ನಿನ್ನೆ ಸಂಜೆ ಹೇರ್ ಡ್ರೈಯರ್ ಸದ್ದಿನ ನಡುವೆ ತಾವು ಹೊರಡಿಸಿದ ಮೌಖಿಕ ಆದೇಶ: "ಆ ತಲೆ ಶಾಂಪೂ ಹಾಕಿ ತೊಳೆದು ಕರ್ಕೊಂಡು ಬಾ. ಇಲ್ಲಾಂದ್ರೆ ಅವಳನ್ನ ಕರ್ಕೊಂಡೇ ಬರಬೇಡ."

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ಅರ್ಜಿದಾರಳು ವಾರದ ರಜೆಯ ದಿನ, ಒಲೆಯ ಮೇಲೆ ಹಾಲಿಟ್ಟು, ಬರೆದುಕೊಳ್ಳುವ ಬಿನ್ನಹವೇನೆಂದರೆ:

1. ಪ್ರಕರಣ ಶುರುವಾದ ಬೆಳಿಗ್ಗೆ ಅರ್ಜಿದಾರಳು ಮಗಳ ಸಮವಸ್ತ್ರಕ್ಕೆ ಇಸ್ತ್ರಿ ಹಾಕುತ್ತಿದ್ದಳು. ಒಂದು ತೋಳು ಮುಗಿದಿತ್ತು. ಆಗ ಬಚ್ಚಲಿನಿಂದ ಕೂಗು ಬಂತು: "ಅಮ್ಮಾ, ಇನ್ಮೇಲೆ ನಾನು ಶಾಂಪೂ ಹಾಕ್ಕೊಳಲ್ಲ! ನೀನೂ ಹಾಕಬಾರದು. ಒಳಗೆ ಬರಲೂಬಾರದು!" ಹಿಂದೆಯೇ ಚಿಲಕ ಬಿತ್ತು. ಮಗಳಿಗೆ ಒಂಬತ್ತು ವರ್ಷ. ಮನೆಯಲ್ಲಿ ಅವಳನ್ನು ಕರೆಯುವುದೇ ಮೆಣಸು ಎಂದು. ಕಾರಣ ವಿವರಿಸಬೇಕಾಗಿಲ್ಲ, ತಾವು ಆಕೆಯೊಡನೆ ಮಾತಾಡಿದ್ದೀರಿ. ಅರ್ಜಿದಾರಳು ಓಡಿಹೋಗಿ ಬಾಗಿಲು ಬಡಿಯುವಷ್ಟರಲ್ಲಿ ಎರಡನೆಯ ತೋಳು ಸುಟ್ಟುಹೋಯಿತು.

2. ವಿವರಣೆ ಕೇಳಲಾಗಿ, "ಅದು ಕೆಮಿಕಲ್ಲು" ಎಂದಳು. ಯಾರು ಹೇಳಿದರು ಎನ್ನಲಾಗಿ, "ಬಾಟಲಿ ಮೇಲೇ ಬರೆದಿದೆ, ಓದ್ಕೋ" ಎಂದಳು. ಅರ್ಜಿದಾರಳು ಓದತೊಡಗಿದಳು. ಮೊದಲ ಹೆಸರನ್ನು ಬಾಯಿಗೆ ಹೊಂದಿಸಿಕೊಳ್ಳುವಷ್ಟರಲ್ಲಿ ಬಕೆಟ್ಟಿನ ನೀರು ತಣ್ಣಗಾಗಿತ್ತು. ಆದ್ದರಿಂದ ನೈಸರ್ಗಿಕ ಪದಾರ್ಥಗಳನ್ನು ಪರಿಶೀಲಿಸಲು ಮನೆಮಟ್ಟದಲ್ಲಿ ಒಪ್ಪಿಗೆ ನೀಡಲಾಯಿತು.

3. ಮೊದಲು ನಿಂಬೆಹಣ್ಣನ್ನು ಕರೆಯಲಾಯಿತು. ಅರ್ಜಿದಾರಳು ಹೋಳು ಹಿಂಡುತ್ತ "ಸ್ಸ್..." ಎಂದಳು. ತಾಯಿಯ ಮುಖವನ್ನೇ ನೋಡುತ್ತ ನಿಂತಿದ್ದ ಮಗಳು ತಟಕ್ಕನೆ ಬಟ್ಟಲು ಎತ್ತಿ ಚೆಲ್ಲಿ, "ನಿಂಬೆ ಬೇಡ" ಎಂದಳು. ಕಾರಣ ನೀಡಲಿಲ್ಲ. ಮುಂದಿನ ಸಲ ವಿನೆಗರ್. ಅದನ್ನು ನೀರಿಗೆ ಬೆರೆಸುವಾಗ ಮತ್ತೆ "ಸ್ಸ್...". ವಿನೆಗರ್ ಕೂಡ ವಜಾ. ಹೀಗೆ ಎಲ್ಲ ಅರ್ಹತೆಯಿದ್ದ ಇಬ್ಬರು ಅಭ್ಯರ್ಥಿಗಳು ತಲೆಯನ್ನು ಮುಟ್ಟದೆಯೇ ಮನೆಗೆ ಹೋದರು. (ಅರ್ಜಿದಾರಳ ಬೆರಳ ಸಂದಿಗಳು ದಿನವಿಡೀ ಶಾಂಪೂ ನೊರೆಯಲ್ಲಿದ್ದು ಬಿರಿದಿರುವುದೂ, ಕೈಗವಸು ಕೇಳಿದಾಗ ತಾವು "ರಬ್ಬರ್ ಕೈಲಿ ತಲೆ ಮುಟ್ಟಿದ್ರೆ ಗಿರಾಕಿಗಳಿಗೆ ಹೇಸಿಗೆ ಆಗುತ್ತಮ್ಮಾ" ಎಂದದ್ದೂ ಪ್ರಸ್ತುತ ಅರ್ಜಿಗೆ ಸಂಬಂಧಿಸದ ವಿಷಯಗಳು.)

4. ಮೂರನೆಯದು ಮೊಟ್ಟೆ. ಅರ್ಜಿದಾರಳು ಒಡೆದಳು, ಕಲಸಿದಳು, ಯಾರೂ ಸ್ಸ್ ಎನ್ನಲಿಲ್ಲ, ಮೊಟ್ಟೆ ಪಾಸಾಯಿತು. ಆದರೆ ಮಗಳು ಅದರ ಮೇಲೆ ಬಿಸಿನೀರು ಸುರಿದುಕೊಂಡಳು. "ಅಮ್ಮಾ! ತಲೆ ಮೇಲೆ ಏನೋ ಗಟ್ಟಿ ಆಗ್ತಿದೆ!" ರಾತ್ರಿ ಪಾಳಿಯ ಕಾವಲು ಮುಗಿಸಿ ಮಲಗಿದ್ದ ಯಜಮಾನರು ವಾಸನೆಗೆ ಎದ್ದು, ತಟ್ಟೆ ಹಿಡಿದುಕೊಂಡೇ ಬಂದರು.

"ಉಪ್ಪು ಹಾಕಿದ್ಯೇನಮ್ಮಾ ಮೆಣಸೂ?"

"ನಗ್ಬೇಡಿ, ಆ ಬಾಚಣಿಗೆ ಕೊಡಿ ಮೊದಲು" ಎಂದಳು ಅರ್ಜಿದಾರಳು. ಬೆಂದ ಮೊಟ್ಟೆಯನ್ನು ಎಳೆ ಎಳೆಯಾಗಿ ಬಿಡಿಸಲಾಯಿತು. ಅಂದಿನಿಂದ ಬರೀ ತಣ್ಣೀರು. ಯಜಮಾನರಿಗೆ ಹಗಲೇ ರಾತ್ರಿಯಾದ ಕಾರಣ, ಮನೆ ಒಂದೇ ಕೋಣೆಯಾದ ಕಾರಣ, ಮೆಣಸಿಗೆ ಬಾಯಿ ಮುಚ್ಚಿ ಕೂರುವುದು ಬಾರದ ಕಾರಣ, ಸಂಜೆಯವರೆಗೆ ಅವಳನ್ನು ಕೂರಿಸಲು ತಮ್ಮ ಬೆಂಚಲ್ಲದೆ ಬೇರೆ ಜಾಗವಿಲ್ಲ. ಬೆಂಚು ತಪ್ಪಿದರೆ ಅರ್ಜಿದಾರಳು ಕೆಲಸವನ್ನೇ ಬಿಡಬೇಕಾಗುತ್ತದೆ.

5. ಸದರಿ ತಲೆಯ ಸದ್ಯದ ಸ್ಥಿತಿಗತಿ: ಹೆಣೆದರೆ ಹಗ್ಗ, ಬಿಟ್ಟರೆ ಪೊರಕೆ. "ಎಣ್ಣೆ ಡಬ್ಬಿಗೆ ಬಿದ್ದು ಎದ್ದ ಬೆಕ್ಕು" ಎಂಬ ತಮ್ಮ ವರದಿಯ ಬಗ್ಗೆ ಅರ್ಜಿದಾರಳಿಗೆ ತಕರಾರಿಲ್ಲ. ಬೆಕ್ಕಿನ ಕಡೆಯವರು ಬೇಕಾದರೆ ಆಕ್ಷೇಪಣೆ ಸಲ್ಲಿಸಿಕೊಳ್ಳಲಿ.

6. ಮಗಳ ಮೇಲೆ ತಾವು ಹೊರಿಸಿದ ಶಾಂಪೂ ವಿರೋಧಿ ಪ್ರಚಾರದ ಆರೋಪವೂ ನಿಜ. ಕೂದಲಿಗೆ ಬಣ್ಣ ಹಾಕಿಸಲು ಬಂದು ಕುಳಿತಿದ್ದವರ ಕಿವಿಯಲ್ಲಿ ಮೆಣಸು, "ಆಂಟಿ, ಶಾಂಪೂ ಬಿಟ್ಬಿಡಿ. ನೀರಲ್ಲೇ ತೊಳ್ಕೊಳಿ. ನಿಮ್ಮನೇಲೇ ತೊಳ್ಕೊಳಿ" ಎಂದಿದ್ದಾಳೆ. ಆಂಟಿ ಅವಳ ತಲೆಯನ್ನೊಮ್ಮೆ ನೋಡಿ, ಎರಡು ಸಲ ಶಾಂಪೂ ಹಾಕಿ ಎಂದು ಕೇಳಿ ಹಾಕಿಸಿಕೊಂಡರು. ಆದ್ದರಿಂದ "ನಿನ್ನ ಮಗಳು ನನ್ನ ಅಂಗಡಿ ಮುಚ್ಚಿಸ್ತಾಳೆ ಕಣಮ್ಮಾ" ಎಂಬ ತಮ್ಮ ಆತಂಕಕ್ಕೆ ಸದ್ಯಕ್ಕೆ ಆಧಾರವಿಲ್ಲ.

7. ಆದರೂ ಆದೇಶ ಆದೇಶವೇ. ಈ ಬೆಳಿಗ್ಗೆ ಅರ್ಜಿದಾರಳು ಶಾಂಪೂ ಬಾಟಲಿ ಹಿಡಿದು, "ಬಾ ಚಿನ್ನ, ಇವತ್ತೊಂದು ಸಲ. ನಾಳೆ ಬೆಂಚಲ್ಲಿ ಕೂರಬೇಕಲ್ವಾ?" ಎಂದು ಪುಸಲಾಯಿಸಿದಳು. ಮಗಳು ಟವೆಲ್ಲಿನಿಂದ ತಲೆಯನ್ನು ಬಿಗಿದು ಕಟ್ಟಿಕೊಂಡು ಮಂಚದ ಕೆಳಗೆ ಸೇರಿದಳು. ಅಲ್ಲಿಂದಲೇ ಉತ್ತರ: "ಬೇರೆಯವರ ತಲೆ ಎಷ್ಟು ಬೇಕಾದ್ರೂ ತೊಳ್ಕೋ. ನನ್ನದು ಮುಟ್ಟಬೇಡ!" ಈ ಮಾತು ಅರ್ಜಿದಾರಳಿಗೆ ನಾಟಿತು. ಏಕೆಂದರೆ ದಿನವೆಲ್ಲ ಕಂಡವರ ತಲೆ ತೊಳೆಯುವವಳಿಗೆ, ಮುದ್ದಿನಿಂದ ತೊಳೆಯಲು ಇದ್ದದ್ದು ಅದೊಂದೇ ತಲೆ.

8. (ಇಲ್ಲಿ ಹಾಲು ಉಕ್ಕಿದ್ದರಿಂದ ಅರ್ಜಿ ಸ್ವಲ್ಪ ಹೊತ್ತು ನಿಂತಿತ್ತು.) ಒಲೆ ಒರೆಸುವಾಗ ಸೋಪಿನ ನೀರು ಬೆರಳ ಸಂದಿಗೆ ಇಳಿದು "ಸ್ಸ್..." ಎಂದದ್ದು ಮಂಚದ ಕೆಳಗಿನವರೆಗೂ ಕೇಳಿಸಿರಬೇಕು. ಮಗಳು ಹೊರಬಂದು ಕಿಟಕಿಯ ಕುಂಡದಿಂದ ಲೋಳೆಸರದ ಎಲೆಯೊಂದನ್ನು ಮುರಿದು ತಂದಳು. ಇನ್ನೊಬ್ಬ ಅಭ್ಯರ್ಥಿ ಬಂದ ಎಂದುಕೊಂಡು ಅರ್ಜಿದಾರಳು, "ತಲೆಗೇನೇ?" ಎಂದಳು. ಮಗಳು ತಾಯಿಯ ಕೈ ಹಿಡಿದು, ಬಿರಿದ ಕಡೆಯಲ್ಲೆಲ್ಲ ಲೋಳೆ ಸವರಿದಳು. ಸವರುತ್ತ, ನಿಂಬೆಯ ದಿನದಂತೆಯೇ, ಮುಖ ನೋಡುತ್ತಿದ್ದಳು. ಈ ಬಾರಿ ಅರ್ಜಿದಾರಳು ಸ್ಸ್ ಎನ್ನಲಿಲ್ಲ.

ಆಗ ಮಗಳು ಕೇಳಿದಳು:

"ಅಮ್ಮಾ, ಎಲ್ಲರೂ ಶಾಂಪೂ ಬಿಟ್ಬಿಟ್ರೆ ನಿನ್ನ ಕೈ ವಾಸಿ ಆಗುತ್ತಾ?"

9. ಈ ಪ್ರಶ್ನೆಗೆ ಉತ್ತರಿಸುವ ಅಧಿಕಾರ ಅರ್ಜಿದಾರಳಿಗಿಲ್ಲ. ಆದ ಕಾರಣ, ಅಂಶ 3ರಲ್ಲಿ "ಸಂಬಂಧಿಸದ ವಿಷಯಗಳು" ಎಂದು ಬರೆದುದನ್ನು ಈ ಮೂಲಕ ಹಿಂಪಡೆಯಲಾಗಿದೆ.

ಆದ್ದರಿಂದ ತಾವು ದೊಡ್ಡ ಮನಸ್ಸು ಮಾಡಿ ಬೆಂಚಿನ ತುದಿಯನ್ನು ಮಂಜೂರು ಮಾಡುವುದರ ಜೊತೆಗೆ, ತಲೆ ತೊಳೆಯಲು ಒಂದು ಜೊತೆ ಕೈಗವಸು (ಸಣ್ಣ ಅಳತೆ) ಒದಗಿಸಬೇಕಾಗಿ ಕೋರಿಕೆ. ಗವಸು ಬಂದ ದಿನದಿಂದ ಬೆಂಚಿನ ಮೇಲಿನ ಪ್ರಚಾರ ನಿಲ್ಲಿಸುವುದಾಗಿ ಮೆಣಸು ಒಪ್ಪಿದ್ದಾಳೆ. ಅವಳ ತಲೆಯ ವಿಚಾರ ಅವಳಿಗೇ ಬಿಟ್ಟದ್ದು.

ತಮ್ಮ ವಿಶ್ವಾಸಿ, ನಾಳೆಯೂ ಹೊತ್ತಿಗೆ ಸರಿಯಾಗಿ ಬರುವ,
ತಲೆ ತೊಳೆಯುವವಳು

(ಸಹಿಯ ಪಕ್ಕದ ಅಂಟು ಕಲೆ ಲೋಳೆಸರದ್ದು.)

ಲಗತ್ತುಗಳು:
ಅ) ಮಗಳ ಕೂದಲು, ಒಂದು ಎಳೆ. ಹಾಳೆಗೆ ಜಿಡ್ಡು ಹತ್ತಿದ್ದರೆ ಕ್ಷಮಿಸುವುದು.
ಆ) ತೋಳು ಸುಟ್ಟ ಸಮವಸ್ತ್ರ. ಇದನ್ನು ಮಗಳು ತೊಟ್ಟುಕೊಂಡಿರುವುದರಿಂದ ಅವಳೊಂದಿಗೇ ಬರುತ್ತದೆ.
ಇ) ಅರ್ಜಿದಾರಳ ಕೈಗಳು, ಎರಡು. ಪಿನ್ ಹಾಕಿ ಲಗತ್ತಿಸಲು ಬಾರದ ಕಾರಣ ನಾಳೆ ಬೆಳಿಗ್ಗೆ ಖುದ್ದಾಗಿ ಹಾಜರುಪಡಿಸಲಾಗುವುದು. ದಯವಿಟ್ಟು ಒಮ್ಮೆ ತಿರುಗಿಸಿ ನೋಡಬೇಕಾಗಿ ವಿನಂತಿ.