ಮಾಸಿನ ಮಾತ್ರೆ

ನಮ್ಮನೇಲಿ ಹೆರಿಗೆ ಅಂದ್ರೆ ಹೆರೋಳು ಒಬ್ಳೇ, ಎಡವಟ್ಟು ಮಾತ್ರ ತಲೆಗೊಂದು. ಮೊನ್ನೆ ಮೊನ್ನೆ ಎರಡನೇ ಮೊಮ್ಮಗಳು ಹುಟ್ಟಿದಾಗಲೂ ಯಾರೂ ಕಮ್ಮಿ ಮಾಡಲಿಲ್ಲ.

ಮೊದಲ ಪ್ರಶ್ನೆ

ಮಗಳಿಗೆ ಏಳು ತಿಂಗಳು. ಕುಣಿಗಲ್‌ನಲ್ಲಿರೋ ಗಂಡನ ಮನೆಯಿಂದ ತುಮಕೂರಿನ ಮರಳೂರಲ್ಲಿರೋ ನಮ್ಮನೆಗೆ ಬಂದಿದ್ಲು. ಒಂದಿನ ಊಟಕ್ಕೆ ಕೂತಾಗ ನಿಧಾನಕ್ಕೆ ವಿಷಯ ತೆಗೆದ್ಲು. ಮಗು ಹುಟ್ಟಿದ ಮೇಲೆ ಹೊರಗೆ ಬರೋ ಮಾಸು ಇರುತ್ತಲ್ಲ, ಅದನ್ನ ಬೇಯಿಸಿ, ಒಣಗಿಸಿ, ಪುಡಿ ಮಾಡಿ, ಕ್ಯಾಪ್ಸೂಲಿಗೆ ತುಂಬಿ ಬಾಣಂತಿ ನುಂಗ್ತಾಳಂತೆ. ಮನಸ್ಸು ಕುಗ್ಗಲ್ವಂತೆ. ಫೋನಲ್ಲಿ ಎಷ್ಟೋ ಜನ ಹೇಳ್ತಾರಂತೆ.

ನಾನು ಎತ್ತಿದ ತುತ್ತು ತಟ್ಟೆಗೆ ವಾಪಸ್ ಇಟ್ಟೆ. ನನ್ನ ಹೆಂಡ್ತಿ ಸಾರು ಬಡಿಸೋದು ನಿಲ್ಲಿಸದೇ ಕೇಳಿದ್ಲು, "ವೆಜ್ಜಾ, ನಾನ್‌ವೆಜ್ಜಾ?"

ನಾವು ಲಿಂಗ ಕಟ್ಕೊಂಡೋರು. ಹುಟ್ಟುಹಬ್ಬಕ್ಕೆ ಕೇಕ್ ತಂದ್ರೂ ಮೊಟ್ಟೆ ಹಾಕಿಲ್ಲ ಅಂತ ಬೇಕರಿಯೋನ ಕೈಲಿ ಆಣೆ ಮಾಡಿಸ್ಕೊಂಡು ತರೋರು. ಮಗಳು, "ಯಾವ ಪ್ರಾಣೀದೂ ಅಲ್ಲ ಕಣಮ್ಮ, ನಂದೇ" ಅಂದ್ಲು. ಹೆಂಡ್ತಿ ಸೌಟು ಹಿಡ್ಕೊಂಡೇ ಯೋಚ್ನೆ ಮಾಡಿದ್ಲು. ಕೊನೆಗೆ, ಹಂಗಾದ್ರೆ ಸೋಮವಾರ ಒಂದು ಬಿಟ್ಟು ಮಿಕ್ಕ ದಿನ ತಗೋ ಅಂದ್ಲು.

ದೃಷ್ಟಿ

ಮಗಳು ಸುಮ್‌ಸುಮ್ನೆ ಹಟ ಹಿಡಿಯೋಳಲ್ಲ. ಮೊದಲನೇ ಬಾಣಂತನದಲ್ಲಿ ಎರಡು ತಿಂಗಳು ಗೋಡೆ ಕಡೆ ತಿರುಗಿಕೊಂಡು ಅತ್ತಿದ್ಲು. ಮಗು ಅತ್ರೂ ಅಳ್ತಿದ್ಲು, ಮಗು ನಕ್ರೂ ಅಳ್ತಿದ್ಲು. ನಮಗೆ ತಿಳೀಲಿಲ್ಲ. ದೃಷ್ಟಿ ತಾಕಿದೆ ಅಂತ ಮನೆಯೋರೆಲ್ಲ ಸೇರಿ ತೀರ್ಮಾನ ಮಾಡಿದ್ವಿ. ಒಂದು ಹಿಡಿ ಗುಂಟೂರು ಮೆಣಸಿನಕಾಯಿ ಇಳಿ ತೆಗೆದು ನಾನೇ ಕೆಂಡಕ್ಕೆ ಹಾಕಿದೆ. ಅವಳ ಅಳು ನಿಲ್ಲಲಿಲ್ಲ. ಅಕ್ಕಪಕ್ಕದ ಎರಡು ಮನೆಯೋರೂ ಜೊತೆಗೆ ಅಳೋಕೆ ಶುರು ಮಾಡಿದ್ರು.

"ಮತ್ತೆ ಹಂಗೇ ಆಗ್ಬಿಟ್ರೆ ಅಂತ ಭಯ ಕಣಪ್ಪ" ಅಂದ್ಲು ಈ ಸಲ. ಎಲ್ಲದಕ್ಕೂ ಒಂದು ತಮಾಷೆ ಮಾತು ಇಟ್ಕೊಂಡಿರೋನು ನಾನು. ಅವತ್ತು ಮಾತ್ರ ಅವಳ ತಲೆ ಸವರಿ ಪಕ್ಕದಲ್ಲೇ ಕೂತೆ.

ಬೋರ್ಡು

ನಂದು ಮರಳೂರಲ್ಲೇ ಒಂದು ಹಿಟ್ಟಿನ ಮಿಲ್ಲು. ರಾಗಿಗೆ ಒಂದು ಮಿಷನ್ನು, ಅಕ್ಕಿಗೊಂದು, ಖಾರದಪುಡಿಗೊಂದು. ಹೆಂಡ್ತಿ ಗುಬ್ಬೀಲಿರೋ ತಂಗಿಗೆ ಫೋನ್ ಮಾಡಿ, ಯಾರಿಗೂ ಹೇಳ್ಬೇಡ ಅಂತ ಆಣೆ ಹಾಕಿ, ಮಾಸಿನ ಪುಡಿ ವಿಷಯ ಪೂರ್ತಿ ಹೇಳಿದ್ಲು. ಗುಬ್ಬಿಯಿಂದ ತುಮಕೂರಿಗೆ ಬಸ್ಸು ಬರೋ ಮುಂಚೆ ಸುದ್ದಿ ಬಂತು.

ಮಾರನೇ ದಿನ ನಮ್ಮ ಬೀದಿ ಅಜ್ಜಿ ರಾಗಿ ಚೀಲ ಕಂಕುಳಿಂದ ಇಳಿಸದೇ ಕೇಳಿತು, "ಅದುನ್ನ ಯಾವ ಮಿಷಿನ್ನಾಗೆ ಹಾಕ್ತೀಯಪ್ಪ?"

ಯಾವುದರಲ್ಲೂ ಹಾಕಲ್ಲ ಅಜ್ಜಿ ಅಂದೆ. ನಂಬಲಿಲ್ಲ. ಹತ್ತು ಜನಕ್ಕೆ ಹತ್ತು ಸಲ ಹೇಳಿ ಸಾಕಾಗಿ, 'ಇಲ್ಲಿ ರಾಗಿ, ಅಕ್ಕಿ, ಖಾರದಪುಡಿ ಮಾತ್ರ' ಅಂತ ಬೋರ್ಡು ಬರೆಸಿ ತಗುಲಿಹಾಕಿದೆ. ಅಜ್ಜಿ ಮೊಮ್ಮಗನ ಕೈಲಿ ಓದಿಸ್ಕೊಂಡು ತಲೆ ಆಡಿಸಿತು. ಇಪ್ಪತ್ತು ವರ್ಷದಿಂದ ಇಲ್ಲದ 'ಮಾತ್ರ' ಇವತ್ತು ಯಾಕೆ ಬಂತು ಅಂತ ಬೀದಿಗೆಲ್ಲ ಕೇಳಿಸೋ ಹಂಗೆ ಹೇಳ್ಕೊಂಡು ಹೋಯ್ತು.

ಚೀಟಿ

ಡಾಕ್ಟ್ರಮ್ಮನ್ನೇ ಕೇಳೋಣ ಅಂತ ಎಲ್ಲರೂ ಹೋದ್ವಿ. ಕುಣಿಗಲ್ಲಿಂದ ನಮ್ಮ ಬೀಗಿತ್ತಿ, ಅಂದ್ರೆ ಮಗಳ ಅತ್ತೆ, ಅವರೂ ಬಂದಿದ್ರು. ಡಾಕ್ಟ್ರಮ್ಮ ನಗಲಿಲ್ಲ, ಬೈಯಲೂ ಇಲ್ಲ. ಅದರಿಂದ ಗುಣ ಆಗುತ್ತೆ ಅನ್ನೋಕೆ ಆಧಾರ ಇಲ್ಲ, ಸೋಂಕು ತಗುಲೋ ಅಪಾಯ ಇದೆ, ನಾನಂತೂ ಬೇಡ ಅಂತೀನಿ ಅಂದ್ರು. ಆಮೇಲೆ ನಮ್ಮ ಕಡೆ ತಿರುಗಿ, "ಹೋದ ಸಲ ಇವಳು ಒಂದೇ ಸಮ ಎಷ್ಟು ಹೊತ್ತು ಮಲಗ್ತಿದ್ಲು?" ಅಂದ್ರು.

ನಾನು ಹೆಂಡ್ತೀನ ನೋಡಿದೆ, ಹೆಂಡ್ತಿ ಬೀಗಿತ್ತೀನ ನೋಡಿದ್ಲು. ಬೀಗಿತ್ತಿ, ಮಲಗ್ತಿದ್ಲು ತಾಯಿ, ಮಗು ನೋಡೋಕೆ ಬಂದೋರು ಮಾತಾಡಿಸೋಕೆ ಎಬ್ಬಿಸ್ತಿದ್ರು ಅಷ್ಟೇ ಅಂದ್ರು.

ಡಾಕ್ಟ್ರಮ್ಮ ಚೀಟಿ ಬರೆದ್ರು. ದಿನಾ ಐದು ಗಂಟೆ ತಡೆಯಿಲ್ಲದ ನಿದ್ದೆ. ಎರಡು ವಾರ ಆದ್ರೂ ಅಳು ನಿಲ್ಲದಿದ್ರೆ ತಕ್ಷಣ ಕರ್ಕೊಂಡು ಬನ್ನಿ, ಅದಕ್ಕೆ ಚಿಕಿತ್ಸೆ ಇದೆ. ಮಗಳು, ಮಾಸು ಬೇಡ ಡಾಕ್ಟ್ರೇ, ನೀವೇ ವಿಲೇವಾರಿ ಮಾಡಿ ಅಂದ್ಲು. ಆದ್ರೂ ಮುಖದಲ್ಲಿ ಭಯ ಹಂಗೇ ಇತ್ತು.

ನಾನು ಅಭ್ಯಾಸಬಲದಿಂದ ಆ ಚೀಟೀನ ಕೆಳಗಿನ ಮೆಡಿಕಲ್ಸಿಗೆ ಕೊಟ್ಟೆ. ಕೌಂಟರಿನ ಹುಡುಗಿ ಎರಡು ಸಲ ಓದಿ ವಾಪಸ್ ಕೊಟ್ಲು. "ಸ್ಟಾಕ್ ಇಲ್ಲ ಅಂಕಲ್. ಇದ್ದಿದ್ರೆ ನಾನೇ ತಗೊಳ್ತಿದ್ದೆ."

ಗುಬ್ಬಿಯೋರು

ಆಪರೇಷನ್ ಮಾಡಿ ಹೆರಿಗೆ ಆಯ್ತು, ಹೆಣ್ಣು ಮಗು. ಮನೆಗೆ ಬಂದ ಎರಡನೇ ದಿನವೇ ಗುಬ್ಬಿಯಿಂದ ಹನ್ನೊಂದು ಜನ ವ್ಯಾನಲ್ಲಿ ಇಳಿದ್ರು. ಮಗಳು ಆಗಷ್ಟೇ ಮಲಗಿದ್ಲು. ನಾನು ರೂಮಿನ ಬಾಗಿಲಿಗೆ ಕುರ್ಚಿ ಹಾಕ್ಕೊಂಡು ಕೂತು, ಪಿಸುಮಾತಲ್ಲಿ ಮಾತಾಡಿ ಅಂದೆ. ಪಾಪ, ಪಿಸುಮಾತಲ್ಲೇ ಆಡಿದ್ರು. ಆದ್ರೆ ಹನ್ನೊಂದು ಜನ ಪಿಸುಗುಟ್ಟಿದ್ರೆ ಪ್ರೆಷರ್ ಕುಕ್ಕರ್ ಕೂಗೋಕೆ ಮುಂಚೆ ಬರೋ ಸದ್ದು ಬರುತ್ತೆ.

ಎಲ್ಲರನ್ನೂ ಮಿಲ್ಲಿಗೆ ಕರ್ಕೊಂಡು ಹೋಗಿ ಬೆಂಚಿನ ಮೇಲೆ ಕೂರಿಸಿ, ಅಕ್ಕಿ ಮಿಷನ್ ಆನ್ ಮಾಡಿ, ಈಗ ಎಷ್ಟು ಜೋರಾಗಿ ಬೇಕಾದ್ರೂ ಮಾತಾಡಿ ಅಂದೆ. ಎರಡು ಗಂಟೆ ಸುಖವಾಗಿ ಮಾತಾಡಿದ್ರು. ಎದ್ದಾಗ ಹಿಟ್ಟು ಕೂತು ಹನ್ನೊಂದು ತಲೇನೂ ಬೆಳ್ಳಗಾಗಿತ್ತು. ನಾದಿನಿ ಸೆರಗು ಕೊಡವ್ತಾ, "ಮಗು ನೋಡೋಕೆ ಅಂತ ಬಂದು ಮುದುಕಿ ಆಗ್ಬಿಟ್ಟೆ ಭಾವ" ಅಂದ್ಲು.

ಬಾಣಂತಿ ಪುಡಿ

ಅದಾಗಿ ನಾಲ್ಕನೇ ದಿನ ಮಧ್ಯಾಹ್ನ ಮಿಲ್ಲಿಂದ ಊಟಕ್ಕೆ ಬಂದೆ. ಅಡುಗೆಮನೇಲಿ ಚಾಪೆ ಮೇಲೆ ಹೆಂಡ್ತೀನೂ ಬೀಗಿತ್ತೀನೂ ಎದುರುಬದುರು ಕೂತವ್ರೆ. ಮಧ್ಯೆ ಒಂದು ಡಬ್ಬಿ ತುಂಬ ಖಾಲಿ ಕ್ಯಾಪ್ಸೂಲು. ಬೀಗಿತ್ತಿ ಪರಿಚಯದ ಔಷಧಿ ಅಂಗಡಿಯೋನಿಂದ ತರಿಸಿದ್ದಂತೆ. ಒಣಶುಂಠಿ, ಮೆಣಸು, ಹಿಪ್ಪಲಿ, ಓಮ ಎಲ್ಲ ಹುರಿದು ಕುಟ್ಟಿದ ಬಾಣಂತಿ ಪುಡೀನ ಅದರೊಳಗೆ ತುಂಬ್ತಾವ್ರೆ.

ಇದೇನು ಬೀಗರೇ ಅಂದೆ.

"ಹುಡುಗಿ ಕ್ಯಾಪ್ಸೂಲು ಬೇಕು ಅಂತು, ಡಾಕ್ಟ್ರು ಬೇಡ ಅಂದ್ರು. ಆಸೆ ಯಾಕೆ ಉಳೀಬೇಕು?" ಅಂದ್ರು ಬೀಗಿತ್ತಿ.

ಆ ಪುಡಿ ಲೆಕ್ಕ ಹೊತ್ತಿಗೆ ಮೂರು ಚಮಚ. ಬಂದ ಪದ್ಧತೀನ ಬಿಡೋ ಹಂಗಿಲ್ಲ. ಮೂರು ಚಮಚ ತುಂಬಿದ್ರೆ ಮೂವತ್ತೆರಡು ಕ್ಯಾಪ್ಸೂಲಾಯ್ತು. ಅಷ್ಟನ್ನೂ ತಟ್ಟೇಲಿ ಜೋಡಿಸಿ, ಒಂದು ಚೊಂಬು ಬಿಸಿನೀರು ಹಿಡ್ಕೊಂಡು ಮಗಳ ರೂಮಿಗೆ ಹೋದ್ರು. ನಾನೂ ಹಿಂದೆ ಹೋದೆ.

ಮಗಳು ಆಗ ತಾನೇ ಎದ್ದು ಕೂತಿದ್ಲು. ತಟ್ಟೆ ನೋಡಿದ್ಲು. ಅತ್ತೇನ ನೋಡಿದ್ಲು. ನನ್ನ ಕಡೆ ನೋಡಿದಾಗ ನಾನು ಫ್ಯಾನ್ ನೋಡಿದೆ.

"ಒಂದೊಂದೇ ನುಂಗು ತಾಯಿ, ಅವಸರ ಏನಿಲ್ಲ. ಸಂಜೆ ಮೂವತ್ತೆರಡು ಬೇರೆ ತುಂಬಿ ಇಟ್ಟಿವ್ನಿ" ಅಂದ್ರು ಬೀಗಿತ್ತಿ.

ಮಗಳ ತುಟಿ ನಡುಗ್ತು. ತಲೆ ಬಗ್ಗಿಸಿದ್ಲು. ಭುಜ ಅಲುಗಾಡೋಕೆ ಶುರುವಾಯ್ತು, ಕಣ್ಣಲ್ಲಿ ನೀರು. ಹೋದ ಸಲ ಶುರುವಾಗಿದ್ದೂ ಹಿಂಗೇ. ಹೆಂಡ್ತಿ ನನ್ನ ಕೈ ಗಟ್ಟಿಯಾಗಿ ಹಿಡ್ಕೊಂಡ್ಲು.

ಆಮೇಲೆ ಸದ್ದು ಬಂತು. ನಗು. ಹೊಲಿಗೆ ಹಾಕಿದ ಹೊಟ್ಟೆ ಹಿಡ್ಕೊಂಡು, ಕಣ್ಣೀರು ಒರೆಸ್ಕೊಂಡು, "ಅತ್ತೆ... ಬೇಡ... ಹೊಲಿಗೆ ಬಿಟ್ಕೊಳ್ಳುತ್ತೆ" ಅಂತ ನಗ್ತಾನೇ ಇದ್ಲು. ಎರಡು ಹೆರಿಗೇಲಿ ಮೊದಲನೇ ಸಲ ನಾನು ಆ ಸದ್ದು ಕೇಳಿದ್ದು.

ಬೀಗಿತ್ತಿ ನಗಲಿಲ್ಲ. ಅವಳ ನಗು ನಿಲ್ಲೋವರೆಗೂ ತಟ್ಟೆ ಹಿಡ್ಕೊಂಡು ಕಾದ್ರು. ಆಮೇಲೆ ನನ್ನ ಹೆಂಡ್ತಿ ಕಡೆ ತಿರುಗಿ ಮೆತ್ತಗೆ ಹೇಳಿದ್ರು:

"ನೋಡಿದ್ರಾ ಬೀಗರೇ, ಇನ್ನೂ ನುಂಗೇ ಇಲ್ಲ, ಆಗ್ಲೇ ಕೆಲಸ ಮಾಡ್ತು."