ಮೇಲಿನವರಿಲ್ಲದವನ ರಜೆ

ಇಷ್ಟೆಲ್ಲ ರಾದ್ಧಾಂತಕ್ಕೆ ಮೂಲ ನಕ್ಷೆಯವರ ಮೂಲವ್ಯಾಧಿ.

ಊರಿಗೆ ನೀರು ಬಿಡುವ ಕಚೇರಿಯಲ್ಲಿ ಕೊಳವೆಗಳ ನಕ್ಷೆ ಬರೆಯುವವರು ಅವರು. ನಕ್ಕರೆ ಗೆರೆ ಸೊಟ್ಟಗಾದೀತೆಂದು ನಗುವುದನ್ನೇ ಬಿಟ್ಟ ಗಂಭೀರ ಮನುಷ್ಯ. ಹೋದ ತಿಂಗಳು ಕಚೇರಿಯ ವೆಬ್‌ಸೈಟಿನಲ್ಲಿ ರಜೆಗೆ ಅರ್ಜಿ ಹಾಕುವಾಗ, 'ಕಾರಣ' ಎಂದಿದ್ದ ಕಡೆ ಪಾಪ, ನಿಜವನ್ನೇ ಬರೆದರು. ಮರುದಿನ ಟಪಾಲು ವಿಭಾಗದ ಅಕ್ಕ, ಕುಡಿಯುವ ನೀರಿನ ಡ್ರಮ್ಮಿನ ಸುತ್ತ ಹತ್ತು ಜನ ನಿಂತಿರುವಾಗ, "ಏನ್ ಸಾರ್, ಈಗ ಕೂತ್ಕೊಳ್ಳೋಕೆ ಆಗುತ್ತಾ?" ಎಂದು ಬಹಳ ಕಳಕಳಿಯಿಂದ ಕೇಳಿದರು.

ನಕ್ಷೆಯವರು ಕೂತುಕೊಳ್ಳದೆ ನೆಟ್ಟಗೆ ಮೇಡಂ ಕೋಣೆಗೆ ಹೋದರು. ಮೇಡಂ ವೆಬ್‌ಸೈಟ್ ಕಟ್ಟಿದವನನ್ನು ಕರೆಸಿದರು.

"ಯಾರಿಗೆ ಎಷ್ಟು ಕಾಣ್ಬೇಕೋ ಅಷ್ಟೇ ಕಾಣ್ಬೇಕು. ಒಂದು ಸಾಲು ಹೆಚ್ಚು ಕಾಣಬಾರ್ದು. ಆಗುತ್ತಾ?"

"ಆಗುತ್ತೆ ಮೇಡಂ," ಎಂದ ಅವನು. ಅವನ ಕಷ್ಟಗಳೆಲ್ಲ ಹುಟ್ಟಿದ್ದು ಈ ಒಂದು ಮಾತಿನಿಂದಲೇ.

ಆ ವೆಬ್‌ಸೈಟಿನ ಪುಟಗಳು ಡೇಟಾಬೇಸಿನ ಬಾಗಿಲಿಗೆ ಹೋಗಿ 'ಇರುವುದನ್ನೆಲ್ಲ ಕೊಡು' ಎಂದು ಕೇಳುತ್ತಿದ್ದವು. ಅದೂ ಧಾರಾಳವಾಗಿ ಕೊಡುತ್ತಿತ್ತು. ಇನ್ನು ಮುಂದೆ 'ಕೇಳುತ್ತಿರುವವರು ಇಂಥವರು, ಇವರು ನೋಡಬಹುದಾದಷ್ಟನ್ನು ಮಾತ್ರ ಕೊಡು' ಎಂದು ಕೇಳಬೇಕಾಯಿತು. ನೂರಿಪ್ಪತ್ತು ಪುಟಗಳಿಗೂ ಈ ಮಾತನ್ನು ಕಲಿಸುತ್ತ ಕೂತರೆ ಒಂದು ಪುಟವಾದರೂ ಮರೆತುಹೋಗುವುದು ಖಂಡಿತ. ಅದಕ್ಕೆ ಅವನು ನಡುದಾರಿಯಲ್ಲೇ ಒಂದು ಜರಡಿ ಕಟ್ಟಿದ. ಯಾವ ಪುಟ ಏನೇ ಕೇಳಲಿ, ಪ್ರಶ್ನೆ ಆ ಜರಡಿಯನ್ನು ದಾಟಿಯೇ ಹೋಗಬೇಕು, ಉತ್ತರ ಸೋಸಿಕೊಂಡೇ ಬರಬೇಕು. ಕೆಲಸ ಅಚ್ಚುಕಟ್ಟಾಗಿತ್ತು. ಅಂದಿನಿಂದ ಕಚೇರಿಯಲ್ಲಿ ಅವನ ಹೆಸರೇ ಜರಡಿ ಎಂದಾಯಿತು.

ಜರಡಿಯ ಮನಸ್ಸು ಮಾತ್ರ ಆ ವಾರವೆಲ್ಲ ಮನೆಯಲ್ಲೇ ಇತ್ತು. ಅಮ್ಮನ ಎಡಗಣ್ಣಿಗೆ ಪೊರೆ ಬಂದಿತ್ತು. ಬಲಗಣ್ಣು ಎಂದೋ ಹೋಗಿತ್ತು. ನಾಳೆ ಬೆಳಿಗ್ಗೆ ಎಂಟಕ್ಕೆ ಆಪರೇಶನ್. ಅಪ್ಪ ತೀರಿಕೊಂಡು ಎರಡು ವರ್ಷ. ಗೋಡೆಯ ಮೇಲಿನ ಅವರ ಫೋಟೊವನ್ನು ಅಮ್ಮ ದಿನಾ ಬಟ್ಟೆಯಿಂದ ಒರೆಸುತ್ತಿದ್ದರು, ಮಂಜು ಗಾಜಿನ ಮೇಲಿದೆ ಎಂದುಕೊಂಡು. ಆ ಮಂಜು ತಮ್ಮ ಕಣ್ಣಿನಲ್ಲಿದೆ ಎಂದು ತಿಳಿದ ದಿನ ಬಟ್ಟೆ ಕೆಳಗಿಟ್ಟು ದೇವರಿಗೆ ಕೈಮುಗಿದರು.

ಆಪರೇಶನ್ನಿನ ಹಿಂದಿನ ದಿನ ಬೆಳಿಗ್ಗೆ ಅವನು ಚಪ್ಪಲಿ ಹಾಕಿಕೊಳ್ಳುವಾಗ ಅಮ್ಮ ಕೇಳಿದರು.

"ರಜೆ ಕೊಟ್ರೇನೋ?"

"ಅರ್ಜಿ ಹಾಕಿದೀನಿ. ಸಂಜೆ ಐದರೊಳಗೆ ಮೇಡಂ ಒಪ್ಪಿದ್ರೆ ಆಯ್ತು."

"ನಾನು ಮೊದಲು ನೋಡ್ಬೇಕಾಗಿರೋದು ನಿನ್ನ ಮುಖ ಕಣೋ. ನಿಮ್ಮಪ್ಪನ ಮೂಗು, ನಿಮ್ಮಪ್ಪನ ಹುಬ್ಬು. ಫೋಟೊ ಆಮೇಲೆ ನೋಡಿದ್ರಾಯ್ತು. ಎದುರಿಗೇ ನಿಂತಿರು, ಆಯ್ತಾ?"

"ನಿಂತಿರ್ತೀನಮ್ಮ," ಎಂದು ಅವನು ಹೊರಟ. ಹೊಸ ಜರಡಿ ಕೆಲಸ ಶುರು ಮಾಡಿದ್ದೂ ಅದೇ ಬೆಳಿಗ್ಗೆ.

ಕಚೇರಿಯ ಮುಂದೆ ನೋಡಿದರೆ ಅಲ್ಲಿನ ಹನ್ನೆರಡು ಜನರಲ್ಲಿ ಹನ್ನೊಂದು ಜನ ಬೀದಿಯಲ್ಲಿ ನಿಂತಿದ್ದಾರೆ. ಹನ್ನೆರಡನೆಯವನು ಗೇಟು ಕಾಯುವವನು, ಅವನನ್ನು ಎಲ್ಲರೂ ಗೇಟುಮಾವ ಎನ್ನುತ್ತಿದ್ದರು. ಅವನು ವೆಬ್‌ಸೈಟಿನ ಹಾಜರಿ ಪಟ್ಟಿ ತೆರೆದಿದ್ದ ಮೊಬೈಲ್ ಕೈಯಲ್ಲಿ ಹಿಡಿದು ಕೋಟೆಯ ದ್ವಾರಪಾಲಕನಂತೆ ಅಡ್ಡ ನಿಂತಿದ್ದಾನೆ.

"ಪಟ್ಟಿಯಲ್ಲಿ ಯಾರ ಹೆಸರೂ ಇಲ್ಲ. ಹೆಸರಿಲ್ಲದವ್ರನ್ನ ನಾನು ಬಿಡೋ ಹಾಗಿಲ್ಲ."

"ಲೋ ಮಾವ, ಹತ್ತು ವರ್ಷದಿಂದ ನೋಡ್ತಿದೀಯಲ್ಲೋ ನನ್ನ!" ಎಂದರು ಟಪಾಲು ಅಕ್ಕ.

"ನಾನು ನೋಡ್ತಿದೀನಿ ಅಕ್ಕ. ಮೊಬೈಲ್ ನೋಡ್ತಿಲ್ಲ."

"ಮತ್ತೆ ನೀನು ಒಳಗೆ ಹೇಗೆ ಹೋದೆ? ನಿನ್ನ ಹೆಸರು ಇದೆಯಾ?"

ಗೇಟುಮಾವ ಮೊಬೈಲನ್ನು ಮೇಲೆ ಕೆಳಗೆ ಉಜ್ಜಿ ನೋಡಿದ. ತನ್ನ ಹೆಸರೂ ಇರಲಿಲ್ಲ. ಪ್ರಾಮಾಣಿಕ ಮನುಷ್ಯ, ತಾನೂ ಹೊರಗೆ ಬಂದು ಗೇಟು ಎಳೆದುಕೊಂಡ. ಅಷ್ಟರಲ್ಲಿ ಮೇಡಂ ಕಾರು ಬಂತು. ಗೇಟು ತೆರೆಯುವವರೇ ಇರಲಿಲ್ಲ.

ಜರಡಿ ಗೇಟುಮಾವನ ಸ್ಟೂಲಿನ ಮೇಲೆ ಲ್ಯಾಪ್‌ಟಾಪ್ ಇಟ್ಟು ರಸ್ತೆಯಲ್ಲೇ ಮಂಡಿಯೂರಿ ಕೂತ. ಸ್ವಲ್ಪ ಹೊತ್ತಿಗೆ ತಪ್ಪು ಸಿಕ್ಕಿತು. ಯಾರಿಗೆ ಏನು ಕಾಣಬಹುದು ಎಂಬ ಅನುಮತಿ ಪಟ್ಟಿಯೂ ಅದೇ ಡೇಟಾಬೇಸಿನೊಳಗಿತ್ತು. ಆ ಪಟ್ಟಿ ಓದಲು ಹೋದ ಪ್ರಶ್ನೆಯನ್ನೂ ಜರಡಿ ತಡೆದು, 'ಇದನ್ನು ನೋಡಲು ಅನುಮತಿ ಇದೆಯೇ?' ಎಂದು ಕೇಳುತ್ತಿತ್ತು. ಅನುಮತಿ ಇದೆಯೇ ಎಂದು ತಿಳಿಯಲು ಪಟ್ಟಿ ನೋಡಬೇಕು. ಪಟ್ಟಿ ನೋಡಲು ಅನುಮತಿ ಬೇಕು. ಬೀಗದ ಕೈಯನ್ನು ಒಳಗಿಟ್ಟು ಬಾಗಿಲು ಎಳೆದುಕೊಂಡ ಹಾಗಾಗಿತ್ತು. ಪರೀಕ್ಷೆ ಮಾಡುವಾಗ ಗೊತ್ತಾಗಲಿಲ್ಲವೇ ಎಂದರೆ, ಅವನು ಪರೀಕ್ಷೆ ಮಾಡಿದ್ದು ತನ್ನದೇ ಖಾತೆಯಿಂದ. ಎಲ್ಲವನ್ನೂ ನೋಡಬೇಕಾದವನು ತಾನು ಎಂದು ಅವನು ತನ್ನ ಹೆಸರಿನ ಮುಂದೆ, 'ಮೇಲಿನವರು' ಎಂಬ ಜಾಗದಲ್ಲಿ 'ಯಾರೂ ಇಲ್ಲ' ಎಂದು ತುಂಬಿಕೊಂಡಿದ್ದ. ಹಾಗೆ ತುಂಬಿದವರಿಗೆ ಜರಡಿಯೇ ಇಲ್ಲ.

"ಎಷ್ಟು ಹೊತ್ತಪ್ಪ?" ಎಂದರು ಮೇಡಂ ಕಾರಿನ ಕಿಟಕಿ ಇಳಿಸಿ. "ಬಿಸಿಲು ನೆತ್ತಿಗೆ ಬಂತು."

ಹಿಂದಿನಿಂದ ಕಾರಿನ ಹಾರ್ನ್, ಎಡಗಡೆಯಿಂದ ಟಪಾಲು ಅಕ್ಕ, ಬಲಗಡೆಯಿಂದ ನಕ್ಷೆಯವರು. ಜರಡಿ ಗಾಬರಿಯಲ್ಲಿ ಒಂದೇ ಒಂದು ಸಾಲು ಬರೆದ: ಅನುಮತಿ ಪಟ್ಟಿ ಸಿಗದಿದ್ದರೆ ಎಲ್ಲವನ್ನೂ ತೋರಿಸು.

ಗೇಟು ತೆರೆಯಿತು, ಜೊತೆಗೆ ಉಳಿದದ್ದೂ ತೆರೆಯಿತು. ಮೊದಲು ಹುಡುಕಿದರಷ್ಟೇ ಸಿಗುತ್ತಿದ್ದದ್ದು ಈಗ ಎಲ್ಲರ ಪರದೆಗೂ ತಾನಾಗಿ ಬಂತು.

ಅರ್ಧ ಗಂಟೆಯಲ್ಲಿ ಹನ್ನೆರಡು ಜನರೂ ಹತ್ತು ವರ್ಷಗಳ ಪುಟಗಳನ್ನು ಓದಿ ಮುಗಿಸಿದರು. ಕೆಲಸದ ಕಡತವನ್ನು ಯಾರೂ ಅಷ್ಟು ಶ್ರದ್ಧೆಯಿಂದ ಓದಿದ್ದಿಲ್ಲ. ಟಪಾಲು ಅಕ್ಕನ ಮೇಲೆ ನಕ್ಷೆಯವರು ಕೊಟ್ಟಿದ್ದ ಹದಿನೇಳು ದೂರುಗಳು ಸಿಕ್ಕವು. ಅದರಲ್ಲೊಂದು, 'ಊಟ ಮಾಡುವಾಗ ಕೊಳವೆ ಒಡೆದಂತೆ ಶಬ್ದ ಬರುತ್ತದೆ' ಎಂದಿತ್ತು.

"ಕೊಳವೆನಾ ಸಾರ್? ಯಾವ ಅಳತೆ ಕೊಳವೆ ಅಂತಾನೂ ಬರೀಬೇಕಿತ್ತು!" ಎಂದು ಅಕ್ಕ ಟಿಫಿನ್ ಡಬ್ಬಿಯನ್ನು ನಕ್ಷೆಯ ಮೇಲೆ ಕುಕ್ಕಿದರು.

"ಇದು ನಿಮ್ಮದೇ ಅಲ್ವೇನ್ರಿ?" ಎಂದು ನಕ್ಷೆಯವರು ಪರದೆ ತಿರುಗಿಸಿದರು. "ನಕ್ಷೆಯವರ ಮೀಸೆ ನೋಡಿದರೆ ನನಗೆ ತಲೆನೋವು ಬರುತ್ತದೆ, ಮೇಜು ಬದಲಿಸಿಕೊಡಿ."

"ಸುಳ್ಳೇನಿದೆ ಅದ್ರಲ್ಲಿ?"

ವಾಲ್ವು ತಿರುಗಿಸುವವನು ಹೋದ ವರ್ಷ ಸೋದರಮಾವ ತೀರಿಕೊಂಡರೆಂದು ಮೂರು ಸಲ ರಜೆ ಹಾಕಿದ್ದು ಹೊರಬಿತ್ತು. "ಮೂರು ಜನ ಮಾವಂದಿರು ಇದ್ರು," ಎಂದ ಅವನು. "ಮೂವರ ಹೆಸರೂ ಒಂದೇನಾ?" ಎಂದ ಗೇಟುಮಾವ.

ಈ ಗದ್ದಲದ ನಡುವೆ ಜರಡಿಯ ಅರ್ಜಿಯನ್ನೂ ಎಲ್ಲರೂ ಓದಿದರು. ನಾಳೆ ಬೆಳಿಗ್ಗೆ ಎಂಟು, ಕಣ್ಣಾಸ್ಪತ್ರೆ, ಎರಡನೇ ಮಹಡಿ, ತಾಯಿಯ ಎಡಗಣ್ಣು, ಮನೆಯಲ್ಲಿ ಬೇರೆ ಯಾರೂ ಇಲ್ಲ. ಅದನ್ನು ಓದಿ ಯಾರೂ ಜಗಳವಾಡಲಿಲ್ಲ. ಮೇಡಂ ಮಾತ್ರ ಅವನನ್ನು ಕರೆದು ಹೇಳಿದರು.

"ಅಮ್ಮನ ವಿಷಯ ನೋಡಿದೆ. ಕೊಡ್ತೀನಿ. ಮೊದಲು ಈ ಸಂತೆ ನಿಲ್ಸು."

ಜರಡಿ ಊಟ ಬಿಟ್ಟು ಕೂತ. ಅನುಮತಿ ಪಟ್ಟಿಯನ್ನು ಜರಡಿಯಿಂದ ಹೊರಗಿಟ್ಟ. ಅವರವರ ಅರ್ಜಿ ಅವರವರಿಗೆ, ಅವರ ಮೇಲಿನವರು ಯಾರೋ ಅವರಿಗೆ, ಇನ್ನಾರಿಗೂ ಇಲ್ಲ, ತನಗಿದ್ದ ವಿನಾಯಿತಿಯೂ ಇನ್ನಿಲ್ಲ. ತನ್ನ ರಜೆಗೆ ತಾನೇ ಒಪ್ಪಿಗೆ ಕೊಟ್ಟುಕೊಳ್ಳುವಂತಿಲ್ಲ. ಅಷ್ಟರಲ್ಲಿ ನಕ್ಷೆಯವರು ಬೆನ್ನ ಹಿಂದೆ ಬಂದು ನಿಂತು ತಗ್ಗಿದ ದನಿಯಲ್ಲಿ ಹೇಳಿದರು.

"ಇನ್ನೊಂದು ಸೇರ್ಸಪ್ಪ. ಯಾರ ಮೇಲೆ ದೂರು ಇದೆಯೋ ಅವರಿಗೆ ಆ ದೂರು ಕಾಣಬಾರ್ದು. ನನಗೆ ಇನ್ನೂ ನಾಲ್ಕು ದೂರು ಕೊಡೋದಿದೆ."

ಅದನ್ನೂ ಸೇರಿಸಿದ. ಎರಡು ಗಂಟೆಗೆ ಎಲ್ಲ ಸರಿಹೋಯಿತು. ಯಾರಿಗೆ ಎಷ್ಟು ಕಾಣಬೇಕೋ ಅಷ್ಟೇ ಕಾಣತೊಡಗಿತು. ಜರಡಿ ನೀರು ಕುಡಿದು ಬೆವರು ಒರೆಸಿಕೊಂಡ.

ಆದರೆ ಓದಿದ್ದನ್ನು ಜನರ ತಲೆಯೊಳಗಿನಿಂದ ಸೋಸುವ ಜರಡಿಯನ್ನು ದೇವರೂ ಮಾಡಿಲ್ಲ. ಟಪಾಲು ಅಕ್ಕ ನಾಳೆ ಆ ಮೀಸೆ ನೋಡಲಾರೆನೆಂದು ರಜೆ ಹಾಕಿದರು. ನಕ್ಷೆಯವರು ಮುಖ ಎತ್ತಲಾರದೆ ಹಾಕಿದರು. ವಾಲ್ವಿನವನು ಮೈ ಸರಿಯಿಲ್ಲ ಎಂದು ಬರೆದ, ಏಕೆಂದರೆ ಸೋದರಮಾವಂದಿರು ಮುಗಿದಿದ್ದರು. ಉಳಿದವರು, ಗುಟ್ಟೆಲ್ಲ ಹೊರಬಿದ್ದ ಮೇಲೆ ನಾಳೆ ಯಾರಿಗೆ ಮುಖ ತೋರಿಸುವುದು ಎಂದು ಹಾಕಿದರು. ಒಬ್ಬರ ಅರ್ಜಿ ಒಬ್ಬರಿಗೆ ಕಾಣುತ್ತಿರಲಿಲ್ಲವಾದ್ದರಿಂದ, ಹನ್ನೆರಡು ಜನರೂ ನಾಳೆ ತಾವೊಬ್ಬರೇ ರಜೆ ಎಂದುಕೊಂಡಿದ್ದರು.

ಐದಕ್ಕೆ ಐದು ನಿಮಿಷ ಇರುವಾಗ ಮೇಡಂ ಹಣೆಗೆ ಮುಲಾಮು ಹಚ್ಚಿಕೊಂಡು ಪಟ್ಟಿ ತೆರೆದರು. ಹನ್ನೆರಡು ಅರ್ಜಿಗಳು. ಒಂದು ದಿನವಾದರೂ ಇವರು ಒಬ್ಬರ ಮುಖ ಒಬ್ಬರು ನೋಡದೇ ಇರಲಿ ಎಂದು, 'ಕಾಣುವುದಕ್ಕೆಲ್ಲ ಒಪ್ಪಿಗೆ' ಎಂಬ ಗುಂಡಿ ಒತ್ತಿದರು. ಅವರ ಬೆರಳಿಗೆ ಶ್ರಮವಾಗಬಾರದೆಂದು ಆ ಗುಂಡಿ ಇಟ್ಟವನು ಜರಡಿಯೇ.

ಐದು ಹೊಡೆಯಿತು. ಜರಡಿಯ ಮೊಬೈಲಿಗೆ ಸಂದೇಶ ಬಂತು: 'ನಾಳೆ ಕಚೇರಿಯಲ್ಲಿ ಉಳಿಯುವವರು ನೀವೊಬ್ಬರೇ. ನೀರಿನ ದೂರು ಫೋನಿನ ಹೊಣೆ ನಿಮ್ಮದು.'

ಅವನು ಮೆಟ್ಟಿಲುಗಳನ್ನು ಮೂರು ಮೂರಾಗಿ ಇಳಿದು ಕಾರಿನ ಬಾಗಿಲು ಹಿಡಿದ.

"ಮೇಡಂ, ನನ್ನ ರಜೆ!"

"ನೀನು ವಾಪಸ್ ತಗೊಂಡೆ ಅಂದ್ಕೊಂಡೆ. ನಿನ್ನ ಅರ್ಜಿ ಕಾಣ್ಲೇ ಇಲ್ಲವಲ್ಲ?"

"ಇದೆ ಮೇಡಂ! ಇಲ್ಲಿ ನೋಡಿ, ನನಗೆ ಕಾಣುತ್ತೆ."

"ನನಗೆ ಕಾಣಲ್ಲ," ಎಂದು ಮೇಡಂ ತಮ್ಮ ಮೊಬೈಲ್ ತೋರಿಸಿದರು.

ಜರಡಿಗೆ ಆಗ ಹೊಳೆಯಿತು. ಅರ್ಜಿ ಕಾಣುವುದು ಮೇಲಿನವರಿಗೆ ಮಾತ್ರ. ಅವನ ಮೇಲೆ ಯಾರೂ ಇಲ್ಲ ಎಂದು ಅವನೇ ಬರೆದುಕೊಂಡಿದ್ದ.

ಮೇಡಂ ಎಲ್ಲ ಕೇಳಿ ನಿಟ್ಟುಸಿರು ಬಿಟ್ಟರು. "ನಿನ್ನ ಮೇಲೆ ದೇವರೊಬ್ಬನೇ ಇರೋದು ಅಂದ್ಮೇಲೆ ರಜೆನೂ ಅವನ ಹತ್ರಾನೇ ಕೇಳ್ಬೇಕಪ್ಪ. ಐದಾದ ಮೇಲೆ ಒಪ್ಪಿಗೆ ಪುಟಕ್ಕೆ ಬೀಗ ಬೀಳುತ್ತಲ್ಲ, ಯಾರು ಹಾಗೆ ಮಾಡಿದ್ದು?"

"ನಾನೇ."

"ನಾಳೆ ನಾನು ಮೇಲಿನ ಕಚೇರಿಯ ಸಭೆಗೆ ಹೋಗ್ಲೇಬೇಕು. ಊರಿಗೆ ನೀರು ನಿಂತು ಫೋನ್ ಎತ್ತೋರಿಲ್ಲ ಅಂದ್ರೆ ಇಬ್ಬರ ಕೆಲಸಾನೂ ಹೋಗುತ್ತೆ. ಯಾರನ್ನಾದ್ರೂ ಕೇಳಿ ನೋಡು."

ಕೇಳಿದ. ಬೆಳಗಿನ ಅವಮಾನಕ್ಕೆಲ್ಲ ಅವನೇ ಕಾರಣ ಎಂದು ಯಾರೂ ಅವನ ಫೋನ್ ಎತ್ತಲಿಲ್ಲ. ಕೊನೆಗೆ ಡೇಟಾಬೇಸಿಗೇ ಇಳಿದು ತನ್ನ ಅರ್ಜಿಗೆ ತಾನೇ ಒಪ್ಪಿಗೆ ಬರೆಯೋಣ ಎನ್ನಿಸಿತು. ಬರೆದೂ ಬರೆದ. 'ನಿಮ್ಮ ರಜೆಗೆ ನೀವೇ ಒಪ್ಪಿಗೆ ಕೊಡುವಂತಿಲ್ಲ' ಎಂದಿತು ಅದು. ಇಡೀ ದಿನದಲ್ಲಿ ಅವನು ಬರೆದ ನಿಯಮಗಳಲ್ಲಿ ಎಳ್ಳಷ್ಟೂ ದೋಷವಿಲ್ಲದೆ ನಡೆದದ್ದು ಅದೊಂದೇ.

ಮನೆಯಲ್ಲಿ ಅಮ್ಮ ಕೋಪಿಸಿಕೊಳ್ಳಲಿಲ್ಲ. "ಊರಿನ ನೀರು ದೊಡ್ಡದು ಕಣೋ. ಬೆಳಿಗ್ಗೆ ಆಸ್ಪತ್ರೆ ಬಾಗಿಲಲ್ಲಿ ಬಿಟ್ಟು ಹೋಗು, ಸಾಕು," ಎಂದರು. ಅಷ್ಟು ಮೆತ್ತಗೆ ಹೇಳಿದ್ದರಿಂದ ಅವನಿಗೆ ಇನ್ನಷ್ಟು ಸಂಕಟವಾಯಿತು.

ಮರುದಿನ ಅವನು ಅಮ್ಮನನ್ನು ದಾದಿಯ ಕೈಗೊಪ್ಪಿಸಿ, ಹದಿನಾಲ್ಕು ಕುರ್ಚಿಗಳ ಕಚೇರಿಯಲ್ಲಿ ಒಬ್ಬನೇ ಬಂದು ಕೂತ. ಎಂಟಾಯಿತು, ಹತ್ತಾಯಿತು, ಹನ್ನೆರಡಾಯಿತು. ಊರಿನ ಒಂದು ನಲ್ಲಿಯೂ ಕೆಡಲಿಲ್ಲ. ಮೂರು ಗಂಟೆಗೆ ಮೊದಲ ಸಲ ಫೋನ್ ಬಂತು.

"ನೀರಿನ ಕಚೇರಿ. ನಿಮ್ಮ ದೂರು ಹೇಳಿ," ಎಂದ, ಪರದೆಯಲ್ಲಿ ದೂರಿನ ಪುಟ ತೆರೆಯುತ್ತ.

"ದೂರೇ ಹೇಳ್ಬೇಕು ಕಣೋ!"

"ಅಮ್ಮಾ! ಕಣ್ಣು?"

"ಈಗ ತಾನೇ ಪಟ್ಟಿ ಬಿಚ್ಚಿದ್ರು. ಏನ್ ಜನ ಕಣೋ! ಮೊದಲು ಕಂಡಿದ್ದೇ ಒಂದು ಮೀಸೆ. ನಕ್ಷೆಯವರಂತೆ. ದಾರಿ ತಪ್ಪಬಾರ್ದು ಅಂತ ಆಸ್ಪತ್ರೆಗೆ ನಕ್ಷೆ ಬರ್ಕೊಂಡು ಬಂದಿದ್ರು. ಅವರ ಎದುರಿಗೆ ಒಬ್ಬಳು ಹೆಂಗಸು, ಟಪಾಲಿನವಳು, ಬೆಳಗಿಂದ ನನ್ನ ಕೈ ಬಿಟ್ಟಿಲ್ಲ. ಮಂಚದ ಆ ಕಡೆ ಒಬ್ಬರು, ಈ ಕಡೆ ಒಬ್ಬರು ಕೂತು ಜಗಳ ಆಡ್ತಾನೇ ಇದಾರೆ. ಬಾಗಿಲಲ್ಲಿ ಒಬ್ಬ ನಿಂತು, ಡಾಕ್ಟರನ್ನೇ ಹೆಸರು ಕೇಳಿ ಒಳಗೆ ಬಿಡ್ತಿದಾನೆ. ರಜೆ ಇತ್ತು, ಮಾಡೋಕೆ ಕೆಲಸ ಇರ್ಲಿಲ್ಲ, ಬಂದ್ವಿ ಅಂತಾರೆ. ಹನ್ನೆರಡು ಜನ ಕಣೋ, ಒಬ್ಬೊಬ್ಬರ ಹುಬ್ಬಿನ ಕೂದಲೂ ಕಾಣುತ್ತೆ!"

"ಮತ್ತೆ... ದೂರು ಏನಮ್ಮ?"

"ಇಡೀ ಆಫೀಸು ಕಾಣುತ್ತೆ. ನೀನೊಬ್ಬ ಕಾಣ್ತಿಲ್ಲ. ಬರ್ಕೋ."

ಅವನು ಬರೆದುಕೊಂಡ. ಕೈಗೆ ಬಂದ ದೂರನ್ನು ದಾಖಲಿಸದೆ ಬಿಟ್ಟವನಲ್ಲ. ದೂರು ಕೊಟ್ಟವರು: ಅಮ್ಮ. ಯಾರ ಮೇಲೆ: ತನ್ನದೇ ಹೆಸರು. ವಿವರ: ಕಾಣುತ್ತಿಲ್ಲ. ಉಳಿಸುವ ಗುಂಡಿ ಒತ್ತಿ, ಅಮ್ಮ ಹೇಳಿದ ಮಾತನ್ನು ಇನ್ನೊಮ್ಮೆ ಓದಿಕೊಳ್ಳೋಣವೆಂದು ಪುಟ ತೆರೆದ.

'ಈ ದೂರನ್ನು ನೋಡಲು ನಿಮಗೆ ಅನುಮತಿ ಇಲ್ಲ.'