ಕೈ ತೆಗೆದರೆ ನಿಲ್ಲುವ ಆಟ

ನಾವು ಮಾಡುವ ಮೆಷೀನು ಕೋಣೆಯಲ್ಲಿ ನಾವು ನಾವೇ ಇದ್ದಾಗ ನೆಟ್ಟಗಿರುತ್ತದೆ, ಹೊರಗಿನವರು ಒಳಗೆ ಕಾಲಿಟ್ಟರೆ ಸಾಕು, ಕೈಕೊಡುತ್ತದೆ. ಈ ಕೆಲಸಕ್ಕೆ ಸೇರಿದ ಮೇಲೆ ಇದೊಂದು ನನಗೆ ತಪ್ಪಿದ್ದೇ ಇಲ್ಲ.

ಕುಡುಮಲಕುಂಟೆಯಲ್ಲಿ ದೊಡ್ಡ ಫ್ಯಾಕ್ಟರಿಗಳ ಮಧ್ಯೆ ಒಂದು ಚಿಕ್ಕ ಶೆಡ್ಡು ನಮ್ಮದು. ಕೈಯಲ್ಲಿ ಹಿಡಿದು ಆಡುವ ಗೇಮ್ ಕನ್ಸೋಲ್ ತಯಾರಿಸುತ್ತೇವೆ. ಯಜಮಾನರು ಒಬ್ಬರು, ಸರ್ಕ್ಯೂಟ್ ಬೋರ್ಡು ನೋಡಿಕೊಳ್ಳುವ ಎಂಜಿನಿಯರು ಒಬ್ಬರು, ಅದರ ಕರ್ನಲ್ ಬರೆಯುವವಳು ನಾನು. ಕರ್ನಲ್ ಅಂದರೆ ಮೆಷೀನಿನ ಎಲ್ಲ ಚಿಪ್ಪುಗಳನ್ನೂ ಅಂಕೆಯಲ್ಲಿಡುವ ಮೂಲ ಪ್ರೋಗ್ರಾಮು.

ಬಸ್ಸಿನಲ್ಲಿ

ಮಂಚೇನಹಳ್ಳಿಯಿಂದ ಗೌರಿಬಿದನೂರಿಗೆ ಹೋಗುವ ಬಸ್ಸಿನಲ್ಲಿ ಪಕ್ಕ ಕೂತಿದ್ದ ಹೆಂಗಸೊಬ್ಬರು ನಾನು ಏನು ಕೆಲಸ ಮಾಡುವುದು ಎಂದು ಕೇಳಿದರು.

"ಆಟದ ಮೆಷೀನು ಮಾಡ್ತೀವಮ್ಮ."

"ಅದ್ರಲ್ಲಿ ನೀನೇನು ಮಾಡ್ತೀಯ?"

"ಗುಂಡಿ ಒತ್ತಿದ್ರೆ 'ಇಂಟರಪ್ಟ್' ಅಂತ ಒಂದು ಕರೆ ಹೋಗುತ್ತೆ. ಮೆಷೀನು ಯಾವ ಕೆಲಸದಲ್ಲಿದ್ರೂ ಅಲ್ಲಿಗೇ ಬಿಟ್ಟು, ಏನು ಬೇಕು ಅಂತ ತಕ್ಷಣ ಕೇಳ್ಬೇಕು. ಕೇಳಿ, ಕೆಲಸ ಮುಗಿಸಿ, ಬಿಟ್ಟ ಕಡೆಯಿಂದಾನೇ ಮತ್ತೆ ಶುರು ಮಾಡ್ಬೇಕು. ಅದನ್ನ ಕಲಿಸೋದು ನನ್ನ ಕೆಲಸ."

ಆಕೆ ಮುಂದಿನ ಸೀಟಿನಲ್ಲಿ ಕುತ್ತಿಗೆ ಬಗ್ಗಿಸಿ ಮೊಬೈಲು ನೋಡುತ್ತಿದ್ದ ತಮ್ಮ ಗಂಡನನ್ನು ಕಣ್ಣಲ್ಲೇ ತೋರಿಸಿ, ತಗ್ಗಿದ ದನಿಯಲ್ಲಿ ತೆಲುಗು ಬೆರೆಸಿ ಕೇಳಿದರು: "ಅಮ್ಮಾ, ಮಾ ಆಯನಕೂ ಒಂದು ಗುಂಡಿ ಹಾಕ್ಕೊಡೋಕೆ ಆಗುತ್ತಾ?"

ಯಜಮಾನರ ಕೈ

ಬೆಳಗಾದರೆ ಚಿಕ್ಕಬಳ್ಳಾಪುರದಲ್ಲಿ ಸಣ್ಣದೊಂದು ಪ್ರದರ್ಶನ. ನಮ್ಮ ಕನ್ಸೋಲ್ ಮೊದಲ ಸಲ ಜನರ ಎದುರಿಗೆ ಹೋಗಬೇಕು. ಹೋಗುವ ಮುಂಚೆ ಒಂದು ಸಲ ಆಡಿ ನೋಡುತ್ತೇನೆಂದು ಯಜಮಾನರು ಕೂತರು. ಗುಂಡಿ ಒಂದೇ ಸಲ ಒತ್ತಿದರು. ಪರದೆಯ ಮೇಲಿನ ಮೊಲ ಒಂದೇ ಸಲ ಹಾರಬೇಕಾದ ಕಡೆ ಮೇಲಿಂದ ಮೇಲೆ ಹಾರಿ ಹಳ್ಳಕ್ಕೆ ಬಿತ್ತು. ಮತ್ತೆ ಒತ್ತಿದರು, ಮತ್ತೆ ಹಳ್ಳ. ಅವರು ತಮ್ಮ ಕೈಯನ್ನೇ ಒಮ್ಮೆ ನೋಡಿಕೊಂಡು ಎದ್ದು ಹೋದರು.

ಗುಂಡಿಯೊಳಗಿನ ಲೋಹದ ಪಟ್ಟಿ ಒತ್ತಿದ ಕೂಡಲೇ ಒಂದಿಷ್ಟು ಅದುರುತ್ತದೆ. ಪ್ರತಿ ಅದುರಿಗೂ ಒಂದೊಂದು ಇಂಟರಪ್ಟ್ ಬರುತ್ತಿತ್ತು, ನನ್ನ ಕರ್ನಲ್ ಪ್ರತಿಯೊಂದನ್ನೂ ಹೊಸ ಒತ್ತು ಎಂದೇ ನಂಬುತ್ತಿತ್ತು. ಮೊದಲ ಕರೆಯಾದ ಮೇಲೆ ಕಣ್ಣು ಮಿಟುಕಿಸುವಷ್ಟು ಹೊತ್ತು ಬೇರೆ ಯಾವುದನ್ನೂ ಕಿವಿಗೆ ಹಾಕಿಕೊಳ್ಳಬೇಡ ಎಂದು ತಿದ್ದಿದೆ.

ಬೆಳಿಗ್ಗೆ ಯಜಮಾನರು ಬಂದು ಅಳುಕುತ್ತಲೇ ಗುಂಡಿ ಒತ್ತಿದರು. ಮೊಲ ಲಕ್ಷಣವಾಗಿ ಒಂದೇ ಸಲ ಹಾರಿತು. ಅವರ ಕಣ್ಣಲ್ಲಿ ನೀರು. "ನೋಡಮ್ಮ, ನಿನ್ನೆ ಸಾಯಂಕಾಲದಿಂದ ಕಾಫಿ ಬಿಟ್ಟಿದೀನಿ. ಕೈನಡುಕ ಹೆಂಗೆ ನಿಂತುಹೋಯ್ತು!"

ನಿಜ ಹೇಳೋಣವೆಂದು ಬಾಯಿ ತೆರೆದೆ. ಬೋರ್ಡಿನ ಎಂಜಿನಿಯರು ನನ್ನ ಕಾಲು ತುಳಿದರು. ಯಜಮಾನರು ಈಗಲೂ ಕಾಫಿ ಮುಟ್ಟುವುದಿಲ್ಲ.

ಶಿಡ್ಲಘಟ್ಟದ ಶಾಲೆ

ಮಕ್ಕಳು ಆಡಿದರೆ ಹೇಗಿರುತ್ತದೆಂದು ನೋಡಲು ಶಿಡ್ಲಘಟ್ಟದ ಒಂದು ಶಾಲೆಗೆ ಹೋದೆ. ಮುಖ್ಯೋಪಾಧ್ಯಾಯಿನಿ ಬಾಗಿಲಲ್ಲೇ ಎಚ್ಚರಿಸಿದರು: "ಪಕ್ಕದ ಕ್ಲಾಸಲ್ಲಿ ಪರೀಕ್ಷೆ ನಡೀತಿದೆ. ಸದ್ದು ಆಗಬಾರದು."

"ಖಂಡಿತ ಆಗಲ್ಲ ಮೇಡಂ" ಎಂದೆ.

ಸೌಂಡ್ ಚಿಪ್ಪು ಮುಂದಿನ ಸ್ವರ ಬೇಕಾದಾಗ ಕರ್ನಲನ್ನು ಕರೆಯುತ್ತದೆ. ಸ್ವರ ಕೊಟ್ಟ ಮೇಲೆ ಕರ್ನಲ್ "ಆಯ್ತು, ಕೇಳಿಸ್ತು" ಎಂದು ಹೇಳಬೇಕು. ಹೇಳದಿದ್ದರೆ ಅದು ಕರೆಯುತ್ತಲೇ ಇರುತ್ತದೆ. ಸದ್ದು ಕಡಿಮೆ ಮಾಡುವ ಗುಂಡಿ ಒತ್ತಿದಾಗ ಹಾಗೆ ಹೇಳುವುದನ್ನು ನಾನು ಬರೆದಿರಲಿಲ್ಲ. ಸದ್ದು ಇರಲೇಬಾರದೆಂದು ಆ ಗುಂಡಿಯನ್ನೇ ಒತ್ತಿದೆ.

ಟ್ರ್ರ್ರಿಣ್ ಎಂದು ಶುರುವಾಗಿದ್ದು ನಿಲ್ಲಲೇ ಇಲ್ಲ. ಆಫ್ ಮಾಡುವ ಗುಂಡಿ ಒತ್ತಿದರೆ ಅದನ್ನೂ ಕೇಳಬೇಕಾದದ್ದು ಕರ್ನಲ್ಲೇ. ಅದಕ್ಕೆ ಸೌಂಡ್ ಚಿಪ್ಪಿನ ಕೂಗಿನಿಂದ ಬಿಡುವಿಲ್ಲ. ಬ್ಯಾಟರಿ ಕೀಳೋಣವೆಂದರೆ ಮುಚ್ಚಳಕ್ಕೆ ಸ್ಕ್ರೂ. ಕನ್ಸೋಲನ್ನು ದುಪಟ್ಟಾದಲ್ಲಿ ಸುತ್ತಿದೆ, ಬ್ಯಾಗಿನೊಳಗೆ ತುರುಕಿದೆ, ಅದರ ಮೇಲೆ ಕೂತೆ. ಸದ್ದು ಇನ್ನೂ ಗಟ್ಟಿಯಾಗಿ ಕೇಳಿಸಿತು. ಕೊನೆಗೆ ಯಾರೋ ಟೀಚರು ಸ್ಕ್ರೂಡ್ರೈವರ್ ತಂದುಕೊಟ್ಟರು.

ಅಷ್ಟರಲ್ಲಿ ಆಗಬಾರದ್ದು ಆಗಿತ್ತು. ಶಾಲೆಯ ಗಂಟೆಯೂ ಇದೇ ದನಿಯದು. ಪರೀಕ್ಷೆ ಮುಗಿಯಿತೆಂದು ಮಕ್ಕಳೆಲ್ಲ ಓಡಿ ಅಂಗಳಕ್ಕೆ ಬಂದಿದ್ದರು. ಅವರನ್ನು ಮತ್ತೆ ಒಳಗೆ ಕೂರಿಸುವ ಹೊತ್ತಿಗೆ ಉತ್ತರಗಳೆಲ್ಲ ಬಾಯಿಂದ ಬಾಯಿಗೆ ಹರಡಿಯಾಗಿತ್ತು. ಮುಖ್ಯೋಪಾಧ್ಯಾಯಿನಿಯ ಎದುರು ತಲೆ ತಗ್ಗಿಸಿ ನಿಂತೆ. ಅವರು ಬಾಗಿಲ ಕಡೆ ಬೆರಳು ತೋರಿಸಿದರು, ಅಷ್ಟೇ.

ಗೇಟಿನ ಹತ್ತಿರ ಪುಟ್ಟ ಹುಡುಗಿಯೊಬ್ಬಳು ಹಿಂದೆಯೇ ಓಡಿಬಂದಳು. "ಮಿಸ್, ನಾಳೆ ಗಣಿತ. ನಾಳೇನೂ ಬರ್ತೀರಾ?"

ಚಿಂತಾಮಣಿಯವರು

ಚಿಂತಾಮಣಿಯಲ್ಲಿ ಆಟಿಕೆ ಅಂಗಡಿಗಳಿಟ್ಟಿರುವ ದೊಡ್ಡ ವ್ಯಾಪಾರಿ ಕನ್ಸೋಲ್ ನೋಡಲು ಬರುವವರಿದ್ದರು. "ಇವರೂ ಬೇಡ ಅಂದ್ರೆ ಶೆಡ್ಡಿಗೆ ಬೀಗ ಹಾಕೋದೇ ಕಣಮ್ಮ" ಎಂದಿದ್ದರು ಯಜಮಾನರು.

ಅವರು ಬರಬೇಕಾದ ದಿನವೇ ಆಟ ನಿಂತು ನಿಂತು ಓಡತೊಡಗಿತು. ಹೊಸ ಬೋರ್ಡಿನಲ್ಲಿ ಒಂದು ಇಂಟರಪ್ಟ್ ತಂತಿಯ ತುದಿಯನ್ನು ಎಲ್ಲಿಗೂ ಸೇರಿಸದೆ ಹಾಗೇ ಬಿಡಲಾಗಿತ್ತು. ಫ್ಯಾನು ತಿರುಗಿದರೂ, ಪಕ್ಕದ ಫ್ಯಾಕ್ಟರಿಯಲ್ಲಿ ಮೋಟಾರು ಶುರುವಾದರೂ ಅದು ಸುಮ್ಮಸುಮ್ಮನೆ ಕರ್ನಲನ್ನು ಕರೆಯುತ್ತಿತ್ತು. ಆ ದಾರಿಯನ್ನೇ ಮುಚ್ಚೋಣವೆಂದರೆ ಗುಂಡಿಗಳ ಕರೆಯೂ ಅದೇ ದಾರಿಯಲ್ಲಿ ಬರಬೇಕು. ಬೋರ್ಡು ಬಿಚ್ಚಿ ಆ ತಂತಿಯನ್ನು ಸುಮ್ಮನಿರಿಸುವ ಸಣ್ಣದೊಂದು ರೆಸಿಸ್ಟರ್ ಹಚ್ಚಿದರೆ ಸರಿಹೋಗುತ್ತಿತ್ತು. ಆದರೆ ಕಾರು ಆಗಲೇ ಗೇಟು ದಾಟಿತ್ತು.

ಬೋರ್ಡಿನ ಎಂಜಿನಿಯರು ಹಿಂಬದಿಯ ಮುಚ್ಚಳ ಸರಿಸಿ ಆ ತಂತಿಯ ಮೇಲೆ ಬೆರಳಿಟ್ಟರು. ಆಟ ಸರಾಗವಾಗಿ ಓಡಿತು. ತೆಗೆದರು, ನಿಂತಿತು.

"ತೆಗೀಬೇಡಿ ಸಾರ್" ಎಂದೆ. "ಅವರು ಹೋಗೋ ತನಕ ತೆಗೀಲೇಬೇಡಿ."

ವ್ಯಾಪಾರಿ ಕೂತು ಆಡತೊಡಗಿದರು. ನಮ್ಮ ಎಂಜಿನಿಯರು ಅವರ ಭುಜದ ಹಿಂದಿನಿಂದ ಕೈ ಚಾಚಿ ಬಾಗಿ ನಿಂತರು. "ಚಾಲಾ ಬಾಗುಂದಿ" ಎಂದು ತೆಲುಗಿನಲ್ಲಿ ಮೆಚ್ಚಿಕೊಳ್ಳುತ್ತ ವ್ಯಾಪಾರಿ ಬೆಳಕಿಗೆಂದು ಕಿಟಕಿಯ ಕಡೆ ನಡೆದರು, ಇವರೂ ನಡೆದರು. ವ್ಯಾಪಾರಿಗೆ ಫೋನು ಬಂತು. ಒಂದು ಕೈಯಲ್ಲಿ ಫೋನು, ಇನ್ನೊಂದರಲ್ಲಿ ಕನ್ಸೋಲು ಹಿಡಿದು ಅಂಗಳಕ್ಕೆ ಹೋದರು. ಇವರೂ ಬೆನ್ನು ಬಾಗಿಸಿಕೊಂಡೇ ಹಿಂಬಾಲಿಸಿದರು. ಯಜಮಾನರು ಗೋಡೆಗೆ ಒರಗಿ ಕಣ್ಣು ಮುಚ್ಚಿಕೊಂಡರು.

ಒಳಗೆ ಬಂದ ವ್ಯಾಪಾರಿ ಖುಷಿಯಿಂದ ಕೈಕುಲುಕಲು ಬಲಗೈ ಚಾಚಿದರು. ಎಂಜಿನಿಯರು ಎಡಗೈ ಕೊಟ್ಟರು. ವ್ಯಾಪಾರಿ ಆ ಎಡಗೈ ನೋಡಿದರು. ಕನ್ಸೋಲಿನ ಹಿಂದೆ ಮಾಯವಾಗಿದ್ದ ಬಲಗೈ ನೋಡಿದರು. ಆಮೇಲೆ ನನ್ನ ಕಡೆ ತಿರುಗಿದರು.

"ಮೆಷೀನು ಚೆನ್ನಾಗೈತಮ್ಮ. ಒಂದು ಮಾತು ಕೇಳ್ತೀನಿ. ಪ್ರತಿ ಡಬ್ಬಿ ಜೊತೆಗೂ ಇವರು ಬರ್ತಾರಾ?"

ಯಜಮಾನರೇ ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ವ್ಯಾಪಾರಿ ಹೊಟ್ಟೆ ಹಿಡಿದು ನಕ್ಕು, "ಸರಿ ಮಾಡ್ರಪ್ಪ, ಮುಂದಿನ ವಾರ ಬರ್ತೀನಿ" ಎಂದು ಕಾರು ಹತ್ತಿದರು.

ಹೇಳಿದಂತೆ ಬಂದರು. ಅಷ್ಟರಲ್ಲಿ ರೆಸಿಸ್ಟರ್ ಹಚ್ಚಿ ಮುಗಿದಿತ್ತು. ಅವರು ಕನ್ಸೋಲು ಕೈಗೆತ್ತಿಕೊಂಡರೇ ಹೊರತು ಆನ್ ಮಾಡಲಿಲ್ಲ. ಮೂಲೆಯಲ್ಲಿದ್ದ ನಮ್ಮ ಎಂಜಿನಿಯರನ್ನು ಮೇಲಿಂದ ಕೆಳಗೆ ನೋಡಿ ಹೇಳಿದರು: "ಆಟ ಆಮೇಲೆ. ಮೊದಲು ನೀವು ಎರಡೂ ಕೈ ಮೇಲೆತ್ತಿ."